ಕಾರಿನ ನೆತ್ತಿಯ ಮೇಲೊಂದು ದೋಣಿ

ಶಿವರಾಜುವಿನ ಬೆಲ್ಲದ ಟೆಂಪೊ ಭಾರತೀನಗರದ ಹಿಂದಿನ ಬೀದಿಗೆ ತಿರುಗಿದಾಗ ಅದರ ಹಿಂಬದಿಯಿಂದ ಹಳದಿ ಬಣ್ಣದ ಉದ್ದನೆಯ ಮೂತಿಯೊಂದು ಹೊರಗೆ ಚಾಚಿಕೊಂಡಿತ್ತು. ಬೀದಿಯ ಮಂದಿ ಬಾಗಿಲಿಗೆ ಬಂದರು. ಒಬ್ಬರು ಅದನ್ನು ನೀರಿನ ಟ್ಯಾಂಕು ಅಂದರು, ಇನ್ನೊಬ್ಬರು ದನಕ್ಕೆ ಕಲಗಚ್ಚು ಹುಯ್ಯುವ ಹೊಸ ನಮೂನೆಯ ಬಾನಿ ಅಂದರು. ಟೆಂಪೊ ನಿಂತದ್ದು ಶಶಿರೇಖಾಳ ಮನೆ ಮುಂದೆ. ಅವಳು ಶಾಲೆಯಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಗೇಟಿನಲ್ಲೇ ಕಾಯುತ್ತಿದ್ದಳು. ಟೆಂಪೊ ಪೂರ್ತಿ ನಿಲ್ಲುವ ಮೊದಲೇ ಓಡಿಹೋಗಿ ಆ ಹಳದಿ ಮೂತಿಯ ಮೇಲೆ ಕೈಯಿಟ್ಟಳು.

"ಏನಕ್ಕ ಇದು, ಒಳ್ಳೆ ಮೊಸಳೆ ಮಲಗ್ದಂಗೆ ಮಲಗ್ಕಂಡದೆ! ಮೈಸೂರಿಂದ ಇಲ್ಲೀಗಂಟ ಜನ ನನ್ನ ಬುಟ್ಟು ಇದ್ನೇ ನೋಡವ್ರೆ," ಎಂದು ಶಿವರಾಜು ಇಳಿದ. ಅವನು ಅವಳ ಚಿಕ್ಕಪ್ಪನ ಮಗ. ಮೈಸೂರಿಗೆ ಬೆಲ್ಲ ಹಾಕಿ ಖಾಲಿ ಬರುವಾಗ ಅಕ್ಕನ ಸಾಮಾನು ತಂದುಕೊಡುವುದಾಗಿ ಒಪ್ಪಿದ್ದ. ಸಾಮಾನೆಂದರೆ ಹೀಗಿರುತ್ತದೆಂದು ಎಣಿಸಿರಲಿಲ್ಲ. ದೋಣಿಯ ತಳವೆಲ್ಲ ಬೆಲ್ಲದ ಅಂಟು, ಅದರ ಹಿಂದೆಯೇ ಇರುವೆಗಳ ಸಾಲು.

ಅದು ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಕಯಾಕ್ ದೋಣಿ. ಶಶಿರೇಖಾ ಮಳವಳ್ಳಿ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಆಟದ ಟೀಚರ್. ಹೋದ ಬೇಸಿಗೆಯಲ್ಲಿ ದೈಹಿಕ ಶಿಕ್ಷಕರಿಗೆಂದು ಮೈಸೂರಿನ ಆಚೆ ಹಿನ್ನೀರಿನಲ್ಲೊಂದು ಶಿಬಿರ ನಡೆದಿತ್ತು. ಅಲ್ಲಿ ಬೇರೆ ಶಿಕ್ಷಕರೆಲ್ಲ ನೆರಳು ಹುಡುಕಿಕೊಂಡು ಕೂತಾಗ ಇವಳು ಮಾತ್ರ ನೀರಿನಿಂದ ಎದ್ದೇ ಬರಲಿಲ್ಲ. ಶಿಂಷಾ ದಂಡೆಯ ಹಳ್ಳಿಯಲ್ಲಿ ಹುಟ್ಟಿದವಳು. ತಂದೆ ಮಹದೇವಯ್ಯ ಬೆನ್ನಿಗೆ ಬೆಂಡು ಕಟ್ಟಿ ಬಾವಿಗಿಳಿಸಿ ಈಜು ಕಲಿಸಿದ್ದರು. ಆದರೂ ನೀರಿನ ಮೇಲೆ ಒಣಗಿದ ಬಟ್ಟೆಯಲ್ಲಿ ಕೂತು, ಎರಡು ತುದಿಯ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದರೆ ಊರೇ ಹಿಂದಕ್ಕೆ ಸರಿದುಹೋಗುವ ಆ ಸುಖ ಅವಳಿಗೆ ಹೊಸದು. ಶಿಬಿರದವರು ಹಳೆಯ ದೋಣಿಗಳನ್ನು ಮಾರುತ್ತಾರೆಂದು ತಿಳಿದ ದಿನವೇ ಒಂದನ್ನು ತನಗೆಂದು ಹೇಳಿಟ್ಟಿದ್ದಳು. ಮನೆಯಲ್ಲಿ ಹೇಳಿದ್ದು ಆಮೇಲೆ.

ದೋಣಿಯನ್ನು ಅಂಗಳದ ಗೋಡೆಗೆ ಆನಿಸಿ ನಿಲ್ಲಿಸಿದರು. ಅದರ ತುದಿ ಸಜ್ಜೆಗಿಂತ ಮೇಲೆ ಹೋಯಿತು. ಗಂಡ ಅಂಬರೀಶ್ ಮದ್ದೂರಿನ ಸಹಕಾರ ಬ್ಯಾಂಕಿನಲ್ಲಿ ಕೆಲಸ ಮುಗಿಸಿ ಬಂದು, ಒಮ್ಮೆ ದೋಣಿ ನೋಡಿದ, ಒಮ್ಮೆ ಗೇಟಿನ ಪಕ್ಕ ನಿಂತಿದ್ದ ತನ್ನ ಬೆಳ್ಳಿ ಬಣ್ಣದ ಪುಟ್ಟ ಕಾರನ್ನು ನೋಡಿದ.

"ಶಶಿ, ಇದು ನಮ್ಮ ಕಾರಿಗಿಂತ ಉದ್ದ ಇದೆ."

"ಒಂದು ಗೇಣು ಅಷ್ಟೇ ರೀ."

"ನೀರಿಗೆ ಹೆಂಗೆ ತಗೊಂಡೋಗ್ತೀಯ?"

"ಕಾರಿನ ಮೇಲೆ."

ಅಂಬರೀಶ್ ಮತ್ತೆ ಕಾರಿನತ್ತ ತಿರುಗಿದ. ಆ ಕಾರಿನ ಮೇಲೆ ಕಾಗೆ ಕೂತರೂ ಎದ್ದು ಹೋಗಿ ಓಡಿಸುವ ಮನುಷ್ಯ ಅವನು.

ಪಿಯುಸಿ ಓದುವ ಮಗಳು ಚಂದನ ಮೊಬೈಲಿನಲ್ಲಿ ನೋಡಿ ಒಂದು ಉಪಾಯ ಹೇಳಿದಳು. ಕ್ಯಾರಿಯರ್ ಇಲ್ಲದಿದ್ದರೂ ನಡೆಯುತ್ತದೆ, ಮೆತ್ತನೆಯದೇನಾದರೂ ಹಾಸಿ, ಬಾಗಿಲೊಳಗಿಂದ ಹಗ್ಗ ತೂರಿಸಿ ಕಟ್ಟಿದರೆ ಸಾಕು. ಶಶಿರೇಖಾಳ ತಾಯಿ ಚಿಕ್ಕಮಾದಮ್ಮ ತನ್ನ ಹಳೆಯ ಕೌದಿ ಕೊಟ್ಟಳು. ಭಾನುವಾರ ನಾಲ್ವರೂ ಸೇರಿ ದೋಣಿಯನ್ನು ಮೇಲೆತ್ತಿ, ನೈಲಾನ್ ಹಗ್ಗದಲ್ಲಿ ಬಿಗಿದು, ಶಾಲೆಯ ಹತ್ತಿರದ ಕೆರೆಗೆಂದು ಮಳವಳ್ಳಿ ರಸ್ತೆ ಹಿಡಿದರು. ಮುಂದಿನ ಬಾಗಿಲುಗಳೊಳಗಿಂದ ಹಗ್ಗ ಹಾದಿದ್ದರಿಂದ ಅವು ತೆರೆಯುವಂತಿರಲಿಲ್ಲ. ಉಳಿದವರು ಹಿಂದಿನ ಬಾಗಿಲಿನಿಂದ ಹತ್ತಿದರೆ ಅಂಬರೀಶ್ ಕಿಟಕಿಯಿಂದ ತೂರಿ ಒಳಗೆ ಕೂತಿದ್ದ.

ಊರು ದಾಟಿ ಕಬ್ಬಿನ ಗದ್ದೆಗಳ ನಡುವೆ ಸಾಗುವಾಗ ಎದುರಿಗೊಂದು ಬಸ್ಸು ಜೋರಾಗಿ ಬಂದು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿ ಹೊಡೆದದ್ದೇ ತಡ, ನೆತ್ತಿಯ ಮೇಲೆ ಏನೋ ಕಿರ್ರೆಂದು ಉಜ್ಜಿತು. ಮರುಕ್ಷಣ ದೋಣಿಯ ಹಳದಿ ಮೂತಿ ಓರೆಯಾಗಿ ಮುಂದಿನ ಗಾಜಿಗೆ ಅಡ್ಡ ಬಂದು ನಿಂತಿತು. ಅಂಬರೀಶ್ ಉಸಿರು ಹಿಡಿದು ಕಾರನ್ನು ಅಂಚಿಗೆ ತಂದ. ಯಾರಿಗೂ ಏನೂ ಆಗಲಿಲ್ಲ.

ಅಷ್ಟರಲ್ಲಿ ಬಂಡೂರು ಕುರಿಗಳ ಹಿಂಡು ಹೊಡೆದುಕೊಂಡು ಕರಿಯಪ್ಪ ಎಂಬ ಮುದುಕ ಬಂದ. ಕುರಿಗಳೆಲ್ಲ ಕಾರಿನ ಸುತ್ತ ಮುತ್ತಿಕೊಂಡವು. ಕಿಟಕಿಯಿಂದ ತೂರಿ ಇಳಿಯಲು ಒದ್ದಾಡುತ್ತಿದ್ದ ಅಂಬರೀಶನನ್ನು ಕಂಡು ಅವನು ಕೋಲೂರಿ ನಿಂತ.

"ಏನ್ ಸಾಮಿ, ದೋಣಿ ರಸ್ತೇಲೇ ಈಜಕ್ಕೆ ಒಂಟದಾ?"

ಶಶಿರೇಖಾಗೆ ನಗು ತಡೆಯಲಾಗಲಿಲ್ಲ. ಹೆದರಿಕೆಯೆಲ್ಲ ನಗುವಾಗಿ ಬಂದು, ಚಂದನಳೂ ನಕ್ಕು, ಕೊನೆಗೆ ಕರಿಯಪ್ಪನೂ ನಕ್ಕ. ಅವನೇ ಒಂದು ಕಡೆ ಹಿಡಿದು ದೋಣಿ ಇಳಿಸಿಕೊಟ್ಟ. ಅಂಬರೀಶ್ ಮಾತ್ರ ಕೌದಿ ಸರಿಸಿ ಕಾರಿನ ನೆತ್ತಿಯನ್ನು ನೋಡುತ್ತಿದ್ದ. ಅಲ್ಲೊಂದು ಉದ್ದನೆಯ ಗೀರು ಬಿದ್ದಿತ್ತು. ಅವನು ಅದರ ಮೇಲೆ ಬೆರಳಾಡಿಸಿದ. ಶಶಿರೇಖಾಳ ನಗು ಅಲ್ಲಿಗೇ ನಿಂತಿತು. ಈಗ ಮಾರಿಬಿಡು ಅನ್ನುತ್ತಾನೆ ಅಂದುಕೊಂಡಳು.

ಅವನು ಗೀರಿನಿಂದ ಕಣ್ಣು ತೆಗೆಯದೆ ಹೇಳಿದ: "ಹಗ್ಗದ ತಪ್ಪಲ್ಲ ಶಶಿ. ದೋಣಿಗೆ ಕೂರಕ್ಕೆ ಜಾಗ ಇಲ್ಲ, ಅದಕ್ಕೇ ತಿರುಗ್ತು. ಕೆಳಗೆ ಎರಡು ಕಂಬಿ ಇರಬೇಕು. ಗಟ್ಟಿ ಕಂಬಿ."

ಶಶಿರೇಖಾ ಅವನ ಮುಖ ನೋಡಿದಳು. ಮನೆಯಲ್ಲಿ ಮಿಕ್ಸಿ ಕೆಟ್ಟರೆ ಬಿಚ್ಚಿ, ಹರಡಿ, ಅದರ ಗುಟ್ಟು ತಿಳಿಯುವವರೆಗೆ ಊಟಕ್ಕೂ ಏಳದ ಗಂಡನ ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಎದೆ ಕುಣಿಯಿತು. ದೋಣಿ ಶಿವರಾಜುವಿನ ಟೆಂಪೊದಲ್ಲಿ ಮನೆಗೆ ವಾಪಸು ಬಂತು. ಅಂದಿನಿಂದ ಮನೆಯಲ್ಲಿ ಕ್ಯಾರಿಯರ್ ಬಿಟ್ಟು ಬೇರೆ ಮಾತೇ ಇಲ್ಲ.

ಅಂಬರೀಶ್ ಟೇಪು ಹಿಡಿದು ಕಾರಿನ ನೆತ್ತಿ ಅಳೆದ, ದೋಣಿಯ ಹೊಟ್ಟೆ ಅಳೆದ, ಬಾಗಿಲ ಚೌಕಟ್ಟಿನ ದಪ್ಪ ಅಳೆದ. ದೊಡ್ಡ ಕಾರುಗಳ ಮೇಲೆ ಉದ್ದಕ್ಕೆ ಎರಡು ಸರಳುಗಳಿರುತ್ತವೆ, ಅದಕ್ಕೆ ಅಡ್ಡ ಕಂಬಿ ಕಚ್ಚಿಸಿದರೆ ಮುಗಿಯಿತು. ಇವರ ಕಾರಿನದು ಬೋಳು ನೆತ್ತಿ. ಹಾಗಾಗಿ ಬಾಗಿಲ ಚೌಕಟ್ಟನ್ನೇ ಕಚ್ಚಿ ಹಿಡಿಯುವ ಕ್ಲಾಂಪು ಬೇಕು. ಜೊತೆಗೆ ಆ ಬೋಳು ನೆತ್ತಿ ಇಂತಿಷ್ಟೇ ಭಾರ ತಾಳುತ್ತದೆ. ಕ್ಯಾರಿಯರೇ ಭಾರವಾಗಿಬಿಟ್ಟರೆ ದೋಣಿಗೆ ಏನು ಉಳಿಯುತ್ತದೆ? ಇದೆಲ್ಲವನ್ನೂ ಅವನು ಬ್ಯಾಂಕಿನಿಂದಲೇ ಫೋನು ಮಾಡಿ ಹೇಳುತ್ತಿದ್ದ. ಆಟದ ಬಯಲಿನಲ್ಲಿ ಖೊಖೊ ಆಡಿಸುತ್ತ ಶಶಿರೇಖಾ, "ಹೂಂ ರೀ, ಹೂಂ ರೀ, ಆಮೇಲೆ?" ಎಂದು ಸೀಟಿ ಊದುವುದನ್ನೇ ಮರೆಯುತ್ತಿದ್ದಳು.

ಒಂದು ದಿನ ಊಟಕ್ಕೆ ಕೂತಾಗ ಎರಡು ಕಂಬಿಗಳ ನಡುವೆ ಎಷ್ಟು ಅಂತರ ಇರಬೇಕೆಂದು ಗಂಡ ಹೆಂಡತಿಗೆ ವಾದ ಹತ್ತಿತು. ಅಂಬರೀಶ್ ಎದ್ದು ಎರಡು ಲಟ್ಟಣಿಗೆ ತಂದು ನೆಲದ ಮೇಲೆ ಹತ್ತಿರ ಹತ್ತಿರ ಇಟ್ಟು, ಮೇಲೊಂದು ಸೌತೆಕಾಯಿ ಇರಿಸಿ ಬೆರಳಿನಿಂದ ತಟ್ಟಿದ. ಸೌತೆಕಾಯಿ ಗರ್ರನೆ ತಿರುಗಿ ಸಾರಿನ ಬಟ್ಟಲಿಗೆ ಬಿತ್ತು. ಲಟ್ಟಣಿಗೆಗಳನ್ನು ದೂರ ಸರಿಸಿ ಮತ್ತೆ ಇಟ್ಟು ತಟ್ಟಿದ. ಈ ಸಲ ಅಲುಗಿತೇ ಹೊರತು ತಿರುಗಲಿಲ್ಲ.

"ನೋಡಿದ್ರಾ! ಆದಷ್ಟೂ ದೂರ ಇರಬೇಕು!"

"ನೋಡ್ದೆ ಕನಪ್ಪ," ಎಂದಳು ಸೀರೆಯ ಮೇಲಿನ ಸಾರು ಒರೆಸಿಕೊಳ್ಳುತ್ತ ಚಿಕ್ಕಮಾದಮ್ಮ. "ಉಣ್ಣೋ ಒತ್ನಲ್ಲಿ ಸೌತೆಕಾಯಿ ಸವಾರಿ ಮಾಡುಸ್ತಾ ಇದ್ರೆ ಮುದ್ದೆ ಗತಿ ಏನು? ಆ ಅಂಗಡಿಗಾದ್ರೂ ಓಗ್ಬನ್ನಿ ಅತ್ಲಾಗೆ."

ಮಂಡ್ಯದಲ್ಲಿ ಕಾರಿನ ಸೀಟು ಕವರು, ಹಾರನ್ನು, ಕ್ಯಾರಿಯರುಗಳ ಅಂಗಡಿ ಇಟ್ಟುಕೊಂಡವನು ಮಹದೇವು. ಇವರು ಕಾರು ನಿಲ್ಲಿಸಿದ ಕೂಡಲೇ ಅವನು ಕರಿಯ ಕಬ್ಬಿಣದ ಬುಟ್ಟಿಯಂಥ ಕ್ಯಾರಿಯರೊಂದನ್ನು ಹೊರಗೆ ಎತ್ತಿ ತಂದ.

"ಇದು ತಗೊಳಿ ಸಾರ್. ತಿರುಪತಿಗೆ ಓಗಿ, ಧರ್ಮಸ್ಥಳಕ್ಕೆ ಓಗಿ, ಮನೇನೇ ಕಟ್ಕೊಂಡು ಓಗ್ಬೋದು."

"ದೋಣಿ ಕಟ್ಟಬೇಕು," ಎಂದಳು ಶಶಿರೇಖಾ.

ಮಹದೇವು ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬಂತೆ ಅಂಬರೀಶನ ಮುಖ ನೋಡಿದ. ಚಂದನ ಮೊಬೈಲಿನಲ್ಲಿ ದೋಣಿಯ ಚಿತ್ರ ತೋರಿಸಿದಳು. ಅದನ್ನು ಕಂಡದ್ದೇ ಅವನಿಗೂ ಹುರುಪು ಬಂತು. ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದಿಲ್ಲ ಎನ್ನುತ್ತ ಒಳಗಿನ ಕೋಣೆಯಿಂದ ಒಂದೊಂದೇ ಸಾಮಾನು ಹೊರಗೆ ತಂದು ಹರವಿದ.

ಕಬ್ಬಿಣದ ಬುಟ್ಟಿಯನ್ನು ಶಶಿರೇಖಾ ಎತ್ತಿ ನೋಡಿ ಕೆಳಗಿಟ್ಟಳು. ಅದೇ ಅರ್ಧ ದೋಣಿಯಷ್ಟು ಭಾರವಿತ್ತು. ಅಲ್ಲದೆ ಅದರ ಸುತ್ತಲಿನ ಕಟ್ಟೆ ದೋಣಿಯ ಹೊಟ್ಟೆಗೆ ಒತ್ತುವಂತಿತ್ತು. ಉಳಿದದ್ದು ಅಲ್ಯುಮಿನಿಯಂ ಕಂಬಿಗಳು. ಹಗುರ, ಉದ್ದ, ಬಾಗಿಲಿಗೆ ಕಚ್ಚುವ ಕಡೆ ಒಳಗೆ ರಬ್ಬರಿನ ಪದರ. ಅಂಬರೀಶ್ ಆ ರಬ್ಬರನ್ನು ಉಗುರಿನಿಂದ ಒತ್ತಿ, ವಾಸನೆ ನೋಡಿ, ಕಣ್ಣರಳಿಸಿದ.

ಅಲ್ಲಿಯವರೆಗೆ ಇಬ್ಬರದೂ ಒಂದೇ ಮಾತು. ಕಂಬಿಯ ಮೇಲೆ ದೋಣಿ ಹೇಗೆ ಕೂರಬೇಕು ಎನ್ನುವಲ್ಲಿ ಜಗಳ ಶುರುವಾಯಿತು. ಮಹದೇವು ಒಂದು ಜೊತೆ ದೊಡ್ಡ ಕೊಕ್ಕೆ ತೋರಿಸಿದ. ಅದರಲ್ಲಿ ದೋಣಿ ಮಗ್ಗುಲಾಗಿ ಒರಗಿ ನಿಲ್ಲುತ್ತದೆ, ಪಕ್ಕದಲ್ಲಿ ಬೇರೆ ಸಾಮಾನಿಗೂ ಜಾಗ ಸಿಗುತ್ತದೆ. ಅಂಬರೀಶ್ ಅದಕ್ಕೇ ಮರುಳಾದ.

"ಇದೇ ಶಶಿ, ಇದೇ! ನೋಡು ಹೆಂಗೆ ತಬ್ಬಿ ಹಿಡ್ಕೊಳ್ಳುತ್ತೆ. ಬಸ್ಸಲ್ಲ, ರೈಲು ಪಕ್ಕ ಹೋದ್ರೂ ಅಲುಗಲ್ಲ."

"ಇದಕ್ಕೆ ನಾನೊಬ್ಬಳೇ ಹತ್ತಿಸಕ್ಕಾಗುತ್ತಾ?"

"ಒಬ್ಬರೇ ಯಾಕೆ ಮೇಡಂ?" ಎಂದ ಮಹದೇವು. "ಸಾರ್ ಇರ್ತಾರಲ್ಲ."

"ಶನಿವಾರ ನಮ್ಮ ಶಾಲೆ ಬೆಳಿಗ್ಗೆಗೇ ಮುಗಿಯುತ್ತೆ. ಸಾರ್‌ಗೆ ಬ್ಯಾಂಕಿರುತ್ತೆ. ದೋಣಿ ಇಳಿಸಕ್ಕೆ ಒಬ್ಬರು, ಹತ್ತಿಸಕ್ಕೆ ಒಬ್ಬರು ಅಂತ ನಾನು ಕಾಯ್ತಾ ಕೂತ್ರೆ ನೀರಿಗೆ ಇಳಿಯೋದು ಯಾವಾಗ?"

ಅಂಬರೀಶ್ ಅವಳನ್ನೇ ನೋಡಿದ. ಹಾಗೆ ಅವನು ಯೋಚಿಸಿಯೇ ಇರಲಿಲ್ಲ. ದೋಣಿ ಎಂದಾಗಲೆಲ್ಲ ಅವನ ಕಣ್ಣಿಗೆ ಕಂಡದ್ದು ಭಾನುವಾರ, ಮನೆಮಂದಿ, ತಿಂಡಿಯ ಡಬ್ಬಿ. ಅವಳಿಗೆ ಅದರ ಜೊತೆಗೆ ಇನ್ನೂ ಏನೋ ಬೇಕಿದೆ ಎಂದು ಈಗ ತಿಳಿಯಿತು. ಅವನು ಕೊಕ್ಕೆಯನ್ನು ಕೆಳಗಿಡದೆ, "ಸರಿ, ಹತ್ತಿಸಿ ನೋಡು. ಹತ್ತಿಸಕ್ಕಾದ್ರೆ ನನ್ನ ಕೊಕ್ಕೆ, ಆಗದಿದ್ರೆ ನೀನು ಹೇಳಿದ್ದು," ಎಂದ.

ದೋಣಿಯೇನೋ ಮನೆಯಲ್ಲಿತ್ತು. ಅಂಗಡಿಯ ಹಿಂದೆ ಹೆಚ್ಚು ಕಡಿಮೆ ಅಷ್ಟೇ ಉದ್ದದ ಏಣಿಯೊಂದಿತ್ತು. ಅದಕ್ಕೆ ಮಹದೇವು ಎರಡು ಹಳೆಯ ಟೈರು ಕಟ್ಟಿ ಭಾರ ಬರಿಸಿದ. ಕಂಬಿಗಳನ್ನು ಕಾರಿಗೆ ಕೂರಿಸಿ ಕೊಕ್ಕೆ ಬಿಗಿದ. ಪಕ್ಕದ ಟೀ ಅಂಗಡಿಯಲ್ಲಿ ನಿಂತವರೆಲ್ಲ ಲೋಟ ಹಿಡಿದೇ ಈಚೆ ಬಂದರು.

ಶಶಿರೇಖಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಏಣಿಯನ್ನು ಹೆಗಲಿಗೆ ಏರಿಸಿದಳು. ಅವಳು ಗಟ್ಟಿಗಿತ್ತಿ, ಆದರೆ ಕುಳ್ಳಿ. ಕಾರಿನ ಪಕ್ಕಕ್ಕೆ ನಿಂತು ಏಣಿಯನ್ನು ತಲೆಗಿಂತ ಮೇಲೆತ್ತಿ ಕೊಕ್ಕೆಯ ಬಾಯಿಗೆ ಕೊಡಲು ಹೋದಳು. ಕೈ ಎಟುಕಲಿಲ್ಲ. ತುದಿಗಾಲಲ್ಲಿ ನಿಂತಳು. ಒಂದು ಕಡೆ ಕೊಕ್ಕೆಗೆ ಬಿತ್ತು, ಇನ್ನೊಂದು ಕಡೆ ಜಾರಿ ಅವಳ ಹೆಗಲಿಗೆ ಬಡಿಯಿತು. ಅಂಬರೀಶ್ ಓಡಿ ಬಂದ. "ಬರಬೇಡಿ, ನೀವು ಬಂದ್ರೆ ಲೆಕ್ಕಕ್ಕಿಲ್ಲ," ಎಂದು ಅವನನ್ನು ನಿಲ್ಲಿಸಿ ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ.

"ಕೊಕ್ಕೆ ತೆಗೀರಿ. ಬರೀ ಕಂಬಿ ಇರಲಿ. ಅದಕ್ಕೆ ದಪ್ಪನೆ ಸ್ಪಂಜಿನ ಮೆತ್ತೆ ಸುತ್ತಿ."

ಈ ಸಲ ಅವಳು ಕಾರಿನ ಹಿಂದೆ ಹೋದಳು. ಗಾಜಿಗೆ ಗೀರು ಬೀಳದಂತೆ ಕಾಲಡಿಯ ರಬ್ಬರ್ ಚಾಪೆಯನ್ನು ಹಾಸಿದಳು. ಏಣಿಯ ಒಂದು ತುದಿ ನೆಲದ ಮೇಲೇ ಇರಲು ಇನ್ನೊಂದು ತುದಿಯನ್ನು ಎತ್ತಿ ಹಿಂದಿನ ಕಂಬಿಗೆ ಒರಗಿಸಿದಳು. ಅರ್ಧ ಭಾರ ಈಗ ಕಾರಿನದು. ಆಮೇಲೆ ಕೆಳಗಿನ ತುದಿಗೆ ಬಂದು ಎತ್ತಿ ಹಿಡಿದು ಒಂದೇ ಉಸಿರಿಗೆ ಮುಂದಕ್ಕೆ ತಳ್ಳಿದಳು. ಏಣಿ ಮೆತ್ತೆಯ ಮೇಲೆ ಸೊಯ್ಯನೆ ಜಾರಿ ಮುಂದಿನ ಕಂಬಿಯನ್ನೂ ಏರಿ ತಣ್ಣಗೆ ಮಲಗಿತು.

ಟೀ ಅಂಗಡಿಯವರು ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವನು ಅಂಬರೀಶ್.

ಬೆಲ್ಟುಗಳದೂ ಅಲ್ಲೇ ತೀರ್ಮಾನವಾಯಿತು. ಲಾರಿಯವರು ಬಳಸುವ, ಹಿಡಿ ಒತ್ತಿದಂತೆಲ್ಲ ಕಟಕಟನೆ ಬಿಗಿಯುವ ಬೆಲ್ಟನ್ನು ಅಂಬರೀಶ್ ಎತ್ತಿಕೊಂಡಿದ್ದ. ಆದರೆ ಅದನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಸುತ್ತಿ ಬಿಗಿದಾಗ ಬಕೆಟ್ಟು ಸೊಟ್ಟಗಾಯಿತು. ದೋಣಿಯೂ ಪ್ಲಾಸ್ಟಿಕ್ಕಿನದೇ ಅಲ್ಲವೇ? ಇಬ್ಬರೂ ಮುಖ ಮುಖ ನೋಡಿಕೊಂಡು, ಕೈಯಿಂದ ಎಳೆದು ಸಿಕ್ಕಿಸುವ ಸಾದಾ ಬೆಲ್ಟನ್ನೇ ಆರಿಸಿದರು.

ಮನೆಗೆ ಮರಳುವಾಗ ಬರೀ ಕಂಬಿಗಳು ಗಾಳಿಗೆ ಕೊಳಲಿನಂತೆ ಊಳಿಡತೊಡಗಿದವು. ವೇಗ ಹೆಚ್ಚಿದಂತೆ ಸದ್ದೂ ಏರುತ್ತಿತ್ತು. ಕೊನೆಗೆ ಚಂದನ ಕಾರು ನಿಲ್ಲಿಸಲು ಹೇಳಿ, ಮುಂದಿನ ಕಂಬಿಗೆ ಬೆಲ್ಟನ್ನು ಬಳ್ಳಿಯಂತೆ ಸುತ್ತಿದಳು. ಸದ್ದು ನಿಂತೇಹೋಯಿತು. ಅದು ಹೇಗೆ ಹೊಳೆಯಿತೆಂದು ಅವಳಿಗೇ ಗೊತ್ತಿಲ್ಲ. ದಾರಿಯುದ್ದಕ್ಕೂ ಅಂಬರೀಶ್ ಅದನ್ನೇ ಹೊಗಳಿದ.

ಭಾನುವಾರ ಬೆಳಗಾಗುವಷ್ಟರಲ್ಲಿ ಚಿಕ್ಕಮಾದಮ್ಮ ಹೊಸ ಕಂಬಿಗೆ ಅರಿಶಿನ ಕುಂಕುಮ ಹಚ್ಚಿ, ದೋಣಿಯ ಮೂತಿಗೆ ಕನಕಾಂಬರದ ಮಾಲೆ ಹಾಕಿದ್ದಳು. ಪಕ್ಕದ ಮನೆಯ ಹೊಂಬಾಳಮ್ಮ ಚಕ್ರದಡಿಗೆ ನಿಂಬೆಹಣ್ಣು ಇಟ್ಟಳು. ಶಶಿರೇಖಾ ಯಾರನ್ನೂ ಹತ್ತಿರ ಬಿಡದೆ ತಾನೇ ದೋಣಿ ಹತ್ತಿಸಿದಳು. ಎರಡು ಬೆಲ್ಟು ಬಿಗಿದು, ಮೂತಿಯಿಂದ ಮುಂದಿನ ಬಂಪರಿನಡಿಯ ಕೊಕ್ಕೆಗೊಂದು, ಬಾಲದಿಂದ ಹಿಂದಕ್ಕೊಂದು ಹಗ್ಗ ಕಟ್ಟಿದಳು. ಹೊರಗೆ ಚಾಚಿದ್ದ ಬಾಲಕ್ಕೆ ಕೆಂಪು ಬಟ್ಟೆ. ಕೊನೆಗೆ ದೋಣಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಿಸಿದಳು. ದೋಣಿ ಬೇರೆಯಾಗಿ ಅಲುಗಲಿಲ್ಲ. ಇಡೀ ಕಾರೇ ಅದರ ಜೊತೆ ತೂಗಿತು.

"ಈಗ ಎರಡೂ ಒಂದೇ ಮೈ ಆಯ್ತು. ಹತ್ತಿ!" ಎಂದಳು.

ಮದ್ದೂರಿನ ವೃತ್ತದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಅಂಬರೀಶನ ಮುಖ ಬಾಡಿತು. ಪೊಲೀಸಿನವನು ಕಾರನ್ನು ಒಂದು ಸುತ್ತು ಬಂದು, ಕೆಂಪು ಬಟ್ಟೆ ಮುಟ್ಟಿ, ದೋಣಿಯ ಬಾಲ ಹಿಡಿದು ಅಲ್ಲಾಡಿಸಿದ. ಒಳಗೆ ಕೂತ ನಾಲ್ವರೂ ಅಲ್ಲಾಡಿದರು.

"ಗಟ್ಟಿಯಾಗೇ ಕಟ್ಟಿದ್ದೀರಿ. ಎಲ್ಲಿಗೆ?"

"ವೈದ್ಯನಾಥಪುರದ ಹೊಳೆಗೆ ಸಾರ್," ಎಂದಳು ಶಶಿರೇಖಾ.

"ನಿಧಾನಕ್ಕೆ ಹೋಗಿ. ಈ ನನ್ಮಗಂದು ಡ್ಯೂಟಿ ಇಲ್ದಿದ್ರೆ ನಾನೂ ಬರ್ತಿದ್ದೆ," ಎಂದು ಅವನು ದಾರಿ ಬಿಟ್ಟ. ಊರು ದಾಟುವವರೆಗೆ ಕಾರಿನೊಳಗೆ ನಗುವೋ ನಗು.

ಮಳೆಗಾಲ ಮುಗಿದು ಶಿಂಷಾ ಶಾಂತವಾಗಿದ್ದಳು. ಕೆಂಪು ಇಳಿದು ನೀರು ತಿಳಿಯಾಗಿತ್ತು. ದೇವಸ್ಥಾನದಿಂದ ದೂರ, ಮರಳಿನ ಇಳಿಜಾರಿನಲ್ಲಿ ದೋಣಿ ಇಳಿಸಿದರು. ತೀರ್ಮಾನವಾಗಿದ್ದಂತೆ ಮುಂದಿನ ಸೀಟು ಅಂಬರೀಶನದು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಪ್ಯಾಂಟು ಮಡಚಿ, ಮೊಣಕಾಲುದ್ದ ನೀರಿಗೆ ಬಂದ. ಒಂದು ಕಾಲು ಒಳಗಿಟ್ಟ. ದೋಣಿ ಒಂದಿಷ್ಟು ಹೊರಳಿತು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಮತ್ತೆ ಇಟ್ಟ, ಮತ್ತೆ ತೆಗೆದ. ಅವನಿಗೆ ಈಜು ಬರುತ್ತಿರಲಿಲ್ಲ.

"ಶಶಿ, ನೀನೊಂದು ಸುತ್ತು ಹೋಗಿ ಬಾ. ನಾನು ಹೇಗಿದೆ ಅಂತ ಇಲ್ಲಿಂದ ನೋಡ್ತೀನಿ."

"ಒಸಿ ಸರ್ಕಳಿ ಅಳಿಯಂದ್ರೆ," ಎಂದು ಹಿಂದಿನಿಂದ ದನಿ ಕೇಳಿಸಿತು.

ಚಿಕ್ಕಮಾದಮ್ಮ ಸೀರೆಯ ಕಚ್ಚೆ ಹಾಕಿ ನೀರಿಗಿಳಿದಿದ್ದಳು. ಎಪ್ಪತ್ತು ದಾಟಿದ ಮುದುಕಿ, ನಾಟಿ ಮಾಡಿ ಮಾಡಿ ಬಾಗಿದ ಬೆನ್ನು. ಅಳಿಯನ ಮೈಯಿಂದ ಜಾಕೆಟ್ಟು ಬಿಚ್ಚಿಸಿಕೊಂಡು ತಾನು ತೊಟ್ಟಳು.

"ಅವ್ವ, ನೀನಾ?"

"ಯಾಕೆ, ನಾನು ಕೂತ್ಕಬಾರ್ದಾ? ನಿನ್ನ ದೋಣಿಗೆ ಊವ ಆಕ್ದೋಳು ಯಾರು?"

ಶಶಿರೇಖಾ ತಾಯಿಯ ರಟ್ಟೆ ಹಿಡಿದು ಮುಂದೆ ಕೂರಿಸಿ, ತಾನು ಹಿಂದೆ ಕೂತು ಹುಟ್ಟು ಒತ್ತಿದಳು. ದೋಣಿಯ ತಳ ಮರಳು ಬಿಟ್ಟಿತು. ಚಿಕ್ಕಮಾದಮ್ಮ ಎರಡೂ ಅಂಚು ಬಿಗಿಯಾಗಿ ಹಿಡಿದು, "ಉಶ್ಶಪ್ಪಾ, ತೇಲ್ತಾ ಅದಲ್ಲೇ ಸಸೀ!" ಎಂದು ಕೂಗಿದಳು. ದಂಡೆಯಲ್ಲಿ ಚಂದನ ಮೊಬೈಲು ಹಿಡಿದು ಕುಣಿದಳು, ಅಂಬರೀಶ್ ಒದ್ದೆ ಪ್ಯಾಂಟಿನಲ್ಲೇ ಮರಳಿನ ಮೇಲೆ ಅವರ ಸಮಕ್ಕೆ ಓಡುತ್ತ ಬಂದ.

ಹರಿವಿಗೆ ಎದುರಾಗಿ, ದಡದ ಹೊಂಗೆ ಮರಗಳ ನೆರಳು ದಾಟಿ ನಡುಹೊಳೆಗೆ ಬಂದಾಗ ಶಶಿರೇಖಾ ಹುಟ್ಟು ನಿಲ್ಲಿಸಿದಳು. ಬೆಳ್ಳಕ್ಕಿಗಳು ಎದ್ದು ಆಚೆ ದಡಕ್ಕೆ ಹೋಗಿ ಕೂತವು. ತಾಯಿ ಸುತ್ತಲೂ ನೋಡುತ್ತಿದ್ದಳು.

"ಈ ಒಳೆ ನೀರು ಕುಡ್ದೇ ಬೆಳ್ದೆ ಕನವ್ವ. ನಡುಮಧ್ಯದಿಂದ ಒಂದಿನಾನೂ ನೋಡಿರ್ಲಿಲ್ಲ. ನಮ್ಮೂರಲ್ಲಿ ಮೇಲ್ಗಡೆ ಮೆಟ್ಲು ಮೇಲ್ಕೇರಿಯೋರ್ದು, ಕೆಳಗ್ಲ ಬಂಡೆ ನಮ್ದು. ಅದ ಬುಟ್ಟು ಆಚೆ ಕಾಲಿಕ್ಕಂಗಿರ್ಲಿಲ್ಲ. ನಿಮ್ಮಪ್ಪ ಅದ್ಕೇ ನಿನ್ನ ಗದ್ದೆ ಬಾವಿಲಿ ಈಜ್ಸಿದ್ದು." ಅವಳು ಕೈಯನ್ನು ನೀರಿಗೆ ಬಿಟ್ಟಳು. ಬೆರಳ ಸಂದಿಯಿಂದ ನೀರು ಹರಿಯಿತು. "ನಡು ಒಳೆಗೆ ಮೆಟ್ಲೂ ಇಲ್ಲ, ಬಂಡೇನೂ ಇಲ್ಲ ನೋಡು."

ಶಶಿರೇಖಾ ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟಳು. ತಾಯಿಯ ಬಾಗಿದ ಬೆನ್ನು ಕಿತ್ತಳೆ ಜಾಕೆಟ್ಟಿನೊಳಗೆ ನೆಟ್ಟಗೆ ಕೂತಿತ್ತು. ದೋಣಿ ತನ್ನಷ್ಟಕ್ಕೆ ತೇಲಿತು.

"ಕೊಡಮ್ಮಿ ಇತ್ಲಾಗೆ ಆ ಸೌಟ," ಎಂದಳು ಚಿಕ್ಕಮಾದಮ್ಮ ಇದ್ದಕ್ಕಿದ್ದಂತೆ.

ಹುಟ್ಟು ಕೈಗೆ ಬಂದದ್ದೇ ನೀರಿಗೆ ಒಂದು ಬಾರಿಸಿದಳು. ನೀರು ಚಿಮ್ಮಿ ಮಗಳ ತಲೆಯಿಂದ ಕಾಲವರೆಗೆ ತೋಯಿಸಿತು. ದೋಣಿ ಗಿರ್ರನೆ ಒಂದು ಸುತ್ತು ತಿರುಗಿತು. ಇಬ್ಬರೂ ನಕ್ಕ ನಗುವಿಗೆ ಬಲೆ ಬಿಡುತ್ತಿದ್ದ ಮೀನಿನವನು ತಲೆಯೆತ್ತಿ ನೋಡಿದ. ಒಂದಿಷ್ಟು ಹೊತ್ತಿನಲ್ಲೇ ಮುದುಕಿಯ ಕೈಗೆ ಲಯ ಹತ್ತಿತು. ಎಡ, ಬಲ, ಎಡ, ಬಲ. ದಂಡೆಗೆ ಹಿಂದಿರುಗಲು ಅವಳು ಒಪ್ಪಬೇಕಾದರೆ ಹಸಿವಾಗಬೇಕಾಯಿತು.

ಅತ್ತೆ ಹೋಗಿ ಬಂದಮೇಲೆ ಅಳಿಯ ಹಿಂದೆ ಬೀಳುವುದುಂಟೇ? ಮಧ್ಯಾಹ್ನ ಅಂಬರೀಶನೂ ಕಣ್ಣುಮುಚ್ಚಿ ಮುಂದಿನ ಸೀಟಿನಲ್ಲಿ ಕೂತ. ದಂಡೆಯ ಗುಂಟವೇ ಹೋದರು. ಮೊದಲು ಒಂದು ಕಣ್ಣು ತೆರೆದ, ಆಮೇಲೆ ಎರಡೂ. ಇಳಿದವನೇ ಮಗಳನ್ನು ಕೂರಿಸಿ ಕಳಿಸಿ, ಅವರು ಬರುವಷ್ಟರಲ್ಲಿ ಕಂಬಿಗಳ ಕ್ಲಾಂಪು ಸಡಿಲವಾಗಿದೆಯೇ ಎಂದು ಒಂದೊಂದಾಗಿ ತಿರುಗಿಸಿ ನೋಡಿದ. ಒಂದೂ ಸಡಿಲವಾಗಿರಲಿಲ್ಲ.

ಮುಂದಿನ ಶನಿವಾರ ಶಾಲೆ ಬಿಟ್ಟಾಗ ಅಂಬರೀಶನ ಕಾರು ಬೇವಿನ ಮರದಡಿ ದೋಣಿ ಹೊತ್ತು ನಿಂತಿತ್ತು. ಬೆಳಿಗ್ಗೆ ಯಾರನ್ನೂ ಎಬ್ಬಿಸದೆ ಶಶಿರೇಖಾ ತಾನೇ ಹತ್ತಿಸಿ ಓಡಿಸಿಕೊಂಡು ಬಂದಿದ್ದಳು. ಹುಡುಗಿಯರು ಸುತ್ತ ನಿಂತು ಮುಟ್ಟಿ ಮುಟ್ಟಿ ನೋಡಿ, ನಮ್ಮನ್ನೂ ಕರ್ಕೊಂಡು ಹೋಗಿ ಮೇಡಂ ಎಂದು ಗಂಟು ಬಿದ್ದರು. ಮನೆಯಲ್ಲಿ ಕೇಳಿಕೊಂಡು ಬನ್ನಿ, ಮೊದಲು ಈಜು ಕಲಿಸ್ತೀನಿ ಎಂದು ಅವರನ್ನು ಕಳಿಸಿ ಒಬ್ಬಳೇ ಕೆರೆಯ ಏರಿಗೆ ಹೋದಳು. ಬೆಲ್ಟು ಬಿಚ್ಚಿ, ದೋಣಿಯನ್ನು ಹಿಂದಕ್ಕೆ ಜಾರಿಸಿ ಇಳಿಸಿ, ಹುಲ್ಲಿನ ಮೇಲೆ ಎಳೆದು ನೀರು ಮುಟ್ಟಿಸಿದಳು. ಏರಿಯ ಮೇಲಿದ್ದ ದನ ಕಾಯುವವರು ಎದ್ದು ನಿಂತು ನೋಡಿದರು.

ಕೆರೆಯ ನಡುವೆ ಗಾಳಿಗೆ ಸಣ್ಣ ಅಲೆಗಳೆದ್ದಿದ್ದವು. ಅವಳು ಎದುರು ದಡದ ತಾವರೆ ಗುಂಪಿನತ್ತ ಮೂತಿ ತಿರುಗಿಸುತ್ತಿದ್ದಾಗ ಕತ್ತಿಗೆ ನೇತುಬಿಟ್ಟಿದ್ದ ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲು ಹೊಡೆದುಕೊಂಡಿತು. ಬ್ಯಾಂಕಿನಿಂದ ಅಂಬರೀಶ್.

"ಶಶಿ, ಒಬ್ಬಳೇ ಇಳಿಸಕ್ಕಾಯ್ತಾ? ಏನೂ ತೊಂದ್ರೆ ಆಗ್ಲಿಲ್ವಾ? ಈಗ ಎಲ್ಲಿದೀಯ?"

"ನೀರಲ್ಲಿದೀನಿ ರೀ," ಎಂದಳು ಶಶಿರೇಖಾ. "ಇಡ್ತೀನಿ, ಎರಡೂ ಕೈ ಬೇಕು."